ಇಪ್ಪತ್ತು ನಿಮಿಷಕ್ಕೆ ಸಾಯಬೇಕಾದದ್ದು

ಮೊದಲ ಭೇಟಿಯಲ್ಲೇ ಅವರು ನನಗೆ ಹೊಡೆದರು. ಬೆತ್ತದಿಂದಲ್ಲ, ಕಬ್ಬಿಣದ ಸಲಾಕೆಯಿಂದ. ಆಳಂದದ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿತ್ತು. ಅದರೊಳಗಿನ ನಳಿಕೆಗಳು ಹೊಳೆಯುತ್ತಿದ್ದವು. ಅಷ್ಟು ಸ್ವಚ್ಛವಾದ ಗಾಜನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಆಸೆಯಾಗಿ ಒಂದನ್ನು ಎತ್ತಿದೆ. ಹಿಂದಿನಿಂದ ಮಣಿಕಟ್ಟಿನ ಮೇಲೆ ಏಟು ಬಿತ್ತು. ನಳಿಕೆ ನೆಲಕ್ಕೆ ಬಿದ್ದು ಚೂರಾಯಿತು.

“ಬರಿಗೈಲೆ ಮುಟ್ತೀಯೇನಲೇ? ಕೈ ಅಂದ್ರ ಏನಂತ ತಿಳದೀ? ಕಟುಕರ ಅಂಗಡಿ ಅದು!”

ಮಣಿಕಟ್ಟು ಬಾತು ಎಂಟು ದಿನ ಪೆನ್ನು ಹಿಡಿಯಲಾಗಲಿಲ್ಲ. ಆ ಎಂಟು ದಿನ ನನ್ನ ನೋಟ್ಸನ್ನು ಅವರೇ ಬರೆದುಕೊಟ್ಟರು. ತಪ್ಪಾಯಿತು ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

ನಮಗೆ ಜೀವಶಾಸ್ತ್ರ ಕಲಿಸಿದ ಆ ಸರ್ ತೀರಿಕೊಂಡು ಈಗ ಎಂಟು ತಿಂಗಳು. ಹೆಸರು ಬರೆಯುವುದಿಲ್ಲ. ಉತ್ತರಪತ್ರಿಕೆಯಲ್ಲಿ ವಿಜ್ಞಾನಿಗಳ ಹೆಸರು ಬರೆದೇ ಪುಟ ತುಂಬಿಸಿದವರಿಗೆ ಅವರು ಸೊನ್ನೆ ಹಾಕುತ್ತಿದ್ದರು. “ಯಾರು ಮಾಡ್ಯಾರ ಅಂತ ಕೇಳಿಲ್ಲ, ಏನ್ ಮಾಡ್ಯಾರ ಅಂತ ಕೇಳೇನಿ” ಎನ್ನುತ್ತಿದ್ದರು. ಆದ್ದರಿಂದ ಅವರು ಏನು ಮಾಡಿದರು ಎಂಬುದನ್ನಷ್ಟೇ ಬರೆಯುತ್ತೇನೆ. ನನ್ನ ಹೆಸರಿನ ಮುಂದೆ ಇವತ್ತು ಎರಡು ಪದವಿಗಳಿವೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಏಳನೆಯ ಇಯತ್ತೆ ದಾಟಿದವರಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಪದವಿಗೆ ಯಾರು ಏನು ಕೊಟ್ಟರು ಎಂಬುದನ್ನೂ ಹೇಳಲೇಬೇಕು.

ಗಿಡ್ಡ ಆಳು. ದಪ್ಪ ಕುತ್ತಿಗೆ. ತುಂಬು ತೋಳಿನ ಬಿಳಿ ಅಂಗಿಯ ತುಂಬ ಆಸಿಡ್ಡು ಬಿದ್ದ ತೂತುಗಳು. ಎಡ ಮುಂಗೈಯಲ್ಲಿ ಅಂಗೈಯಗಲ ಬೆಳ್ಳಗಿನ ಕಲೆ. ಫೀನಾಲು ಸುಟ್ಟದ್ದು. ಜೀವಕೋಶದಿಂದ ಆರ್.ಎನ್.ಎ. ಬಿಡಿಸಲು ಆಗ ಫೀನಾಲೇ ಬೇಕು. ಮೈಮೇಲೆ ಬಿದ್ದರೆ ಮೊದಲು ಉರಿಯುವುದಿಲ್ಲ, ಚರ್ಮ ಬೆಳ್ಳಗಾಗುತ್ತದೆ, ಆಮೇಲೆ ಸುಲಿಯುತ್ತದೆ. “ನೋವಾಗ್ಲಿಲ್ಲ ಅಂತ ನಗಾಕತ್ತಿದ್ದೆ, ತೊಗಲು ಕಳಚಿ ಬಂತು ನೋಡು” ಎಂದು ಅದನ್ನು ತೋರಿಸುತ್ತಿದ್ದರು, ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಕಡಗ ತೋರಿಸಿದ ಹಾಗೆ.

ಜೇವರ್ಗಿ ತಾಲ್ಲೂಕಿನ ಹಳ್ಳಿಯವರು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ಸಂಶೋಧನೆ ಮಾಡಿದ್ದರು. ಕೋಶದಲ್ಲಿ ಯಾವ ಪ್ರೋಟೀನು ತಯಾರಾಗಬೇಕು ಎಂಬ ಸಂದೇಶವನ್ನು ಹೊತ್ತು ತರುವುದು ಎಂ.ಆರ್.ಎನ್.ಎ. ಆ ಸಂದೇಶ ಎಷ್ಟು ಹೊತ್ತು ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬುದು ಇವರ ವಿಷಯ. ಹೊಸದು ಹುಟ್ಟದಂತೆ ಕೋಶಗಳಿಗೆ ಔಷಧಿ ಹಾಕುವುದು. ಹತ್ತು ಹತ್ತು ನಿಮಿಷಕ್ಕೊಮ್ಮೆ ಒಂದಿಷ್ಟು ಕೋಶಗಳನ್ನು ಒಡೆದು ಹಳೆಯದು ಎಷ್ಟು ಉಳಿದಿದೆ ಎಂದು ನೋಡುವುದು. ಅಲ್ಲಿಂದ ಪಿಎಚ್.ಡಿ. ಇಲ್ಲದೆ ವಾಪಸು ಬಂದರು. ಯಾಕೆಂದು ನಾವು ಕೇಳಿದ್ದಕ್ಕೆ ಅವರು ಕೊಟ್ಟ ಜವಾಬು ಇಷ್ಟೇ:

“ನನಗಿಂತ ದೊಡ್ಡಾವ ಒಬ್ಬ ಇದ್ದ. ನನ್ನ ಮೂರು ತಿಂಗಳ ಕೆಲಸಾನ ಬರಿಗೈಲೆ ಮುಟ್ಟಿದ. ನಾನೂ ಬರಿಗೈಲೆ ಹೊಡ್ದೆ.”

“ಭಾಳ ಹೊಡದ್ರೇನ್ರಿ?”

“ದವಡಿ ಮುರೀತು. ಅವನ ದವಡಿ ಆರು ವಾರಕ್ಕ ಕೂಡಿತು. ನನ್ನ ಆರ್.ಎನ್.ಎ. ಕೂಡಲಿಲ್ಲ.”

ನಮ್ಮ ಬೆರಳಿನ ಬೆವರಿನಲ್ಲಿ ಆರ್.ಎನ್.ಎ.ಯನ್ನು ಕತ್ತರಿಸಿ ಹಾಕುವ ಕಿಣ್ವವಿರುತ್ತದೆ. ಕುದಿಸಿದರೂ ಅದು ಸಾಯುವುದಿಲ್ಲ. ಗಾಜನ್ನು ಭಟ್ಟಿಯಲ್ಲಿ ಸುಡಬೇಕು. ನಮ್ಮ ಕಾಲೇಜಿನಲ್ಲಿ ಕರೆಂಟೇ ಸರಿಯಾಗಿರಲಿಲ್ಲ, ಭಟ್ಟಿ ಎಲ್ಲಿಯದು? ಶನಿವಾರ ಮಧ್ಯಾಹ್ನ ಸರ್ ನಳಿಕೆಗಳನ್ನು ಕಾಗದದಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಗೆ ಹೋಗುತ್ತಿದ್ದರು. “ಚಾಚಾ, ನಿನ್ನ ಪಾವ್ ಆದ ಮ್ಯಾಲ ನನ್ನ ಪಾವ್” ಎಂದು ಒಳಗಿಡಿಸುತ್ತಿದ್ದರು. ಚಾಚಾ ಒಮ್ಮೆ ಮರೆತು ನಳಿಕೆಗಳ ಮೇಲೆಯೇ ಖಾರಿ ಬಿಸ್ಕತ್ತಿನ ತಟ್ಟೆ ಇಟ್ಟುಬಿಟ್ಟ. ಸರ್ ಆ ತಟ್ಟೆಯನ್ನು ಎತ್ತಿ ರಸ್ತೆಗೆ ಒಗೆದರು. ಚಾಚಾ ಭಟ್ಟಿಯ ಉದ್ದ ಸಲಿಕೆ ಹಿಡಿದು ಹೊರಗೆ ಬಂದ. ಇಬ್ಬರೂ ಬೈದಾಡಿ ಬೈದಾಡಿ ದಣಿದು, ಬಿದ್ದ ಖಾರಿಯನ್ನೇ ಆರಿಸಿ ಊದಿಕೊಂಡು ಚಹಾದ ಜೊತೆ ತಿಂದರು.

ಸಿಟ್ಟಿನಲ್ಲಿ ಅವರ ಹೆಂಡತಿ ಒಂದು ಕೈ ಮೇಲು. ನಾವು ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಒಂದು ದಿನ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಸರ್ ತಾಟು ಬೀಸಿ ಒಗೆದರಂತೆ. ಅಕ್ಕಾರು ಅಡುಗೆಮನೆಯಿಂದ ಅನ್ನ, ಸಾರು, ರೊಟ್ಟಿಬುಟ್ಟಿ ಎಲ್ಲವನ್ನೂ ತಂದು ಓಣಿಗೆ ಸುರಿದು, “ಈಗ ನೀವೂ ಉಪಾಸ, ನಾನೂ ಉಪಾಸ. ಬರೋಬ್ಬರಿ ಆತಿಲ್ಲೋ?” ಎಂದರಂತೆ. ಇದನ್ನು ನಮಗೆ ಹೇಳಿದವರು ಸರ್ ಅವರೇ. ಹೇಳುವಾಗ ಹೆಮ್ಮೆ ಕಾಣುತ್ತಿತ್ತು.

ಅವರು ಮಾಡಿ ತೋರಿಸಿದ ಒಂದು ಪ್ರಯೋಗವನ್ನು ನಾನು ಈಗಲೂ ನನ್ನ ಹುಡುಗರಿಗೆ ಮಾಡಿ ತೋರಿಸುತ್ತೇನೆ. ಬೇಕರಿಯ ಯೀಸ್ಟಿನಿಂದ ಆರ್.ಎನ್.ಎ. ಬಿಡಿಸಿ ಹತ್ತು ನಳಿಕೆಗಳಿಗೆ ಹಾಕಿದರು. ಒಂಬತ್ತು ಜನರಿಗೆ ಒಂಬತ್ತು ನಳಿಕೆಯಲ್ಲಿ ಬೆರಳು ಅದ್ದಲು ಹೇಳಿದರು. ಗೌಡರ ಮಗ, ಮಠದ ಅಯ್ಯನವರ ಮಗ, ಕಿರಾಣಿ ಅಂಗಡಿಯವನ ಮಗ, ಚಪ್ಪಲಿ ಹೊಲಿಯುವವನ ಮಗ, ನಾನು, ಹೀಗೆ ಒಂಬತ್ತು ಮಂದಿ. ಹತ್ತನೆಯದನ್ನು ಯಾರೂ ಮುಟ್ಟಲಿಲ್ಲ. ಎರಡು ತಾಸು ಬಿಸಿನೀರಿನಲ್ಲಿಟ್ಟು, ಆಮೇಲೆ ತಣ್ಣನೆಯ ಸ್ಪಿರಿಟ್ಟು ಸುರಿದರು. ಹತ್ತನೆಯದರಲ್ಲಿ ಮೊಸರಿನಂತೆ ಬೆಳ್ಳಗಿನ ಮೋಡ ಎದ್ದಿತು. ಉಳಿದ ಒಂಬತ್ತೂ ತಿಳಿನೀರು.

“ನೋಡ್ರಿ, ಗೌಡರ ಕೈಯೂ ಅಷ್ಟ ಹೊಲಸು, ಅಯ್ಯನವರ ಕೈಯೂ ಅಷ್ಟ ಹೊಲಸು. ಕಡಿಯೂದ್ರಾಗ ಯಾರ ಕೈಯೂ ಕಡಿಮಿ ಇಲ್ಲ.”

ಗೌಡರ ಮಗ ಮೂಗು ಮುರಿದ. ಚಪ್ಪಲಿ ಹೊಲಿಯುವವನ ಮಗ ಮಾತ್ರ ಆ ಒಂಬತ್ತು ನಳಿಕೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ಹೋಲಿಕೆ ಎಂದರೆ ಸರ್‌ಗೆ ಆಗುತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಎಂ.ಆರ್.ಎನ್.ಎ. ಪೋಸ್ಟ್‌ಮನ್ ಇದ್ದ ಹಾಗೆ ಎಂದಿತ್ತು. ಅದನ್ನು ಓದಿ ಹೇಳಿದವನ ಪುಸ್ತಕ ಕಸಿದು ಆ ಹಾಳೆ ಹರಿದರು. “ಹಂಗಾರ ಪೋಸ್ಟ್‌ಮನ್ ಕಾಗದ ಕೊಟ್ಟು ಹೊಳ್ಳೂವಾಗ ಅವನ್ನ ಹಿಡದು ತುಂಡು ತುಂಡು ಕಡೀಬೇಕು. ಮದಲ ಬಾಲ, ಆಮ್ಯಾಲ ತಲಿ, ಆಮ್ಯಾಲ ಉಳದದ್ದು. ಕಡೀತೀರೇನು? ಇಲ್ಲಲ್ಲ? ಮತ್ತ ಸುಮ್ನ ಕೂಡ್ರಿ. ಆರ್.ಎನ್.ಎ. ಅಂದ್ರ ಆರ್.ಎನ್.ಎ.”

ಪಾಠ ಮಾಡುವಾಗಲೂ ಅವರ ಮಾತಿನಲ್ಲಿ ಬರೀ ಕಡಿಯುವುದು, ಹರಿಯುವುದು, ಅಗಿಯುವುದು. ಸಂದೇಶದ ಹಿಂದೆ ಒಂದು ಬಾಲವಿರುತ್ತದೆ, ಅದು ಇರುವತನಕ ಸಂದೇಶಕ್ಕೆ ರಕ್ಷಣೆ. ಕಿಣ್ವಗಳು ಆ ಬಾಲವನ್ನು ಕಡಿದು ಕಡಿದು ಗಿಡ್ಡ ಮಾಡುತ್ತವೆ. ಬಾಲ ಮುಗಿದ ಮೇಲೆ ತಲೆಯ ಟೊಪ್ಪಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಕ್ಷಣದ ಕೆಲಸ. ಹುಡುಗಿಯರು ಮೊದಮೊದಲು ಮುಖ ಕಿವುಚುತ್ತಿದ್ದರು, ಆಮೇಲೆ ಅವರೇ ಎಲ್ಲರಿಗಿಂತ ಚೆನ್ನಾಗಿ ಬರೆದರು.

ಎರಡನೆಯ ವರ್ಷದಲ್ಲಿ ಒಂದು ದಿನ ಸಂದೇಶಗಳ ಆಯುಷ್ಯದ ಪಾಠ ನಡೆದಿತ್ತು. ಬ್ಯಾಕ್ಟೀರಿಯಾದಲ್ಲಿ ಎರಡು ನಿಮಿಷ. ನಮ್ಮ ಕೆಂಪುರಕ್ತ ತಯಾರಾಗುವ ಕಡೆ ದಿನಗಟ್ಟಲೆ. “ಇನ್ನ ಕೋಶ ಬೆಳೀಬೇಕು, ಒಡದು ಎರಡಾಗಬೇಕು ಅಂತ ಹೇಳೂ ಸಂದೇಶ ಅದಾವಲ್ಲ, ಅವು ಇಪ್ಪತ್ತು ನಿಮಿಷಕ್ಕ ಸಾಯ್ಬೇಕು. ಸಾಯ್ಬೇಕು ಅಂದ್ರ ಸಾಯ್ಬೇಕು.”

ನಾನು ಎದ್ದು ನಿಂತೆ. “ಸಾಯಲಿಲ್ಲಂದ್ರ ಏನಾಗ್ತದ್ರಿ?”

“ಒಡದದ್ದ ಒಡೀತದ. ಮತ್ತ ಒಡೀತದ. ಗಂಟು ಆಗ್ತದ. ಮನಿಷ್ಯಾ ಸಾಯ್ತಾನ.”

ತರಗತಿ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. “ಯಾಕ ಕೇಳ್ದಿ? ಅದು ಪರೀಕ್ಷಾಕ್ಕ ಬರೂ ಪ್ರಶ್ನಿ ಅಲ್ಲ.”

ಆಗ ನಾನು ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ.

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಕರಜಗಿಯ ಕಡೆ. ನನಗೆ ಏಳು ವರ್ಷವಿದ್ದಾಗ ಅಪ್ಪನನ್ನು ಕಬ್ಬಿನ ಹೊಲದಲ್ಲಿ ಕಡಿದರು. ಕಡಿದವನು ಅಪ್ಪನ ದೊಡ್ಡಪ್ಪನ ಮಗ, ನಾವು ಕಾಕಾ ಎಂದು ಕರೆಯುತ್ತಿದ್ದವನು. ಭೀಮಾ ನದಿಯಿಂದ ನೀರೆತ್ತುವ ಎಂಜಿನ್ನು ಎರಡೂ ಮನೆಗೆ ಕೂಡಿ ಇತ್ತು. ಯಾರ ಪಾಳಿ ಎಂಬುದಕ್ಕೆ ಮಾತು ಬೆಳೆಯಿತು. ಕಬ್ಬು ಕಡಿಯುವ ಕೊಯ್ತಾ ಅವನ ಕೈಯಲ್ಲೇ ಇತ್ತು. ಅಪ್ಪ ಒಂದೇ ಏಟಿಗೆ ಸಾಯಲಿಲ್ಲ. ಹೊಲದಿಂದ ದಾರಿಯತನಕ ತೆವಳಿ ಬಂದಿದ್ದ. ತೆವಳಿದಲ್ಲೆಲ್ಲ ಕಬ್ಬಿನ ಒಣಗರಿಯ ರವದಿ ಕೆಂಪಾಗಿತ್ತು. ಕಾಕಾನಿಗೆ ಜೀವಾವಧಿ ಶಿಕ್ಷೆಯಾಯಿತು.

ಅಪ್ಪನ ಅಂಗಿ, ಧೋತರ ಪೊಲೀಸರು ಒಯ್ದರು. ತಲೆಗೆ ಸುತ್ತಿದ್ದ ರುಮಾಲು ಅವ್ವನ ಕೈಯಲ್ಲಿ ಉಳಿಯಿತು. ಅವಳು ಅದನ್ನು ಒಗೆಯಲಿಲ್ಲ. ಗಡಿಗೆಯಲ್ಲಿಟ್ಟು, ನುಸಿ ಹತ್ತಬಾರದೆಂದು ಬೇವಿನೆಲೆ, ಕರ್ಪೂರ ಹಾಕಿ, ಎಲೆ ಒಣಗಿದಾಗೊಮ್ಮೆ ಬದಲಿಸಿ ಜೋಪಾನ ಮಾಡಿದಳು. ಯುಗಾದಿಗೂ ಪಂಚಮಿಗೂ ನಾವು ಅಣ್ಣತಮ್ಮ ಊಟಕ್ಕೆ ಕೂತಾಗ, ಹೋಳಿಗೆ ಬಡಿಸುವ ಮೊದಲು ಅದನ್ನು ತಂದು ನಮ್ಮ ಮುಂದೆ ಹಾಸುತ್ತಿದ್ದಳು. “ಮುಟ್ಟರಿ. ಅವ ಹೊರಗ ಬಂದ ದಿನಾ ಇಬ್ಬರ ಕೈಯೂ ಹತ್ತಬೇಕು. ಒಬ್ಬನ ಕೈ ಹತ್ತಿದ್ರ ನಾ ಒಪ್ಪಂಗಿಲ್ಲ.” ಮುಟ್ಟಿದ ಮೇಲೆಯೇ ಹೋಳಿಗೆ. ಹದಿಮೂರು ವರ್ಷ ನಾನು ಹಬ್ಬದೂಟ ಮಾಡಿದ್ದು ಹೀಗೆ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ನನ್ನನ್ನು ಓದಿಸಿದವನು ಅವನೇ. ತಾನು ಕಬ್ಬು ಕಡಿದು ನನಗೆ ಪುಸ್ತಕ ತಂದವನು.

ಇದೆಲ್ಲ ಹೇಳಿ, “ನಮ್ಮ ಮನ್ಯಾಗಿನ ರುಮಾಲೂ ಹಂಗ ಅದರಿ ಸರ್, ಸಾಯದ ಸಂದೇಶ” ಎಂದೆ.

ಕಪಾಳಕ್ಕೆ ಬಿತ್ತು.

“ಹೋಲಿಕಿ ಕೊಡಬ್ಯಾಡ ಅಂತ ಎಷ್ಟ್ ಸಲ ಹೇಳೇನಿ? ಕೋಶಕ್ಕ ಸಿಟ್ಟಿಲ್ಲ. ನಿಮ್ಮವ್ವಗ ಅದ. ಕೋಶದಾಗ ಕಿಣ್ವ ತಾನ ಬಂದು ಕಡೀತದ. ನಿಮ್ಮ ಮನ್ಯಾಗ ಯಾರೂ ಬರಂಗಿಲ್ಲ.” ಆಮೇಲೆ ಕೇಳಿದರು: “ಅವ ಯಾವಾಗ ಬಿಡುಗಡಿ?”

“ಮುಂದಿನ ವರ್ಷ ಇರಬೇಕ್ರಿ.”

“ನಿಂದು ಫೈನಲ್?”

“ಅದೂ ಮುಂದಿನ ವರ್ಷನರಿ.”

“ಹೂಂ” ಎಂದು ಸೈಕಲ್ ಹತ್ತಿ ಹೋದರು.

ಮರುವರ್ಷ ಲಿಖಿತ ಪರೀಕ್ಷೆಗಳು ಮುಗಿದು, ಒಂದು ಪ್ರಾಕ್ಟಿಕಲ್ ಮಾತ್ರ ಉಳಿದಿದ್ದಾಗ ಅಣ್ಣ ನಾನಿದ್ದ ಖೋಲಿಗೆ ಬಂದ. “ನಾಳೆ ಮುಂಜಾನೆ ಅವ ನಮ್ಮೂರ ಫಾಟಿಗಿ ಬಸ್ ಇಳೀತಾನ. ಜೀಪ್ ತಂದೇನಿ. ತಯಾರಾಗು” ಎಂದ. ಇಲ್ಲ ಎಂದು ನಾನು ಹೇಳಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಹೋಗುವ ಮನಸ್ಸು ನನಗೂ ಇತ್ತು. ಅಪ್ಪ ತೆವಳಿದ ದಾರಿಯಲ್ಲೇ ನಾನು ಶಾಲೆಗೆ ಹೋಗಿದ್ದೆ. ಟ್ರಂಕು ಕಟ್ಟಿಟ್ಟು, ಸರ್‌ಗೆ ಒಂದು ಮಾತು ಹೇಳಿ ಬರುತ್ತೇನೆಂದು ಕಾಲೇಜಿಗೆ ಹೋದೆ. ಮಧ್ಯಾಹ್ನ ಮೂರರ ಹೊತ್ತು. ಅವರು ಮರುದಿನದ ಪ್ರಾಕ್ಟಿಕಲ್ಲಿಗೆ ನಳಿಕೆ ಜೋಡಿಸುತ್ತಿದ್ದರು.

“ಸರ್, ನಾಳೆ ನಾ ಬರಂಗಿಲ್ರಿ.”

“ಬಂದನೇನು ಅವ?”

“ನಾಳೆ ಬರ್ತಾನರಿ.”

ಕೈಯಲ್ಲಿದ್ದ ನಳಿಕೆಯನ್ನು ನಿಧಾನವಾಗಿ ಸ್ಟ್ಯಾಂಡಿಗೆ ಸಿಕ್ಕಿಸಿದರು. ಕೈಗವಸು ಕಳಚಿದರು. ಆಮೇಲೆ ಕುಳಿತಿದ್ದ ಮರದ ಸ್ಟೂಲನ್ನೇ ಎತ್ತಿ ನನ್ನ ಮುಖಕ್ಕೆ ಬಾರಿಸಿದರು. ಮೂಗಿನೊಳಗೆ ಏನೋ ಲಟಕ್ಕೆಂದಿತು. ಬಾಯಿಯೆಲ್ಲ ರಕ್ತ. ನಾನೂ ಬಡಿದೆ. ಒಂದು ಏಟು ಅವರ ಕಿವಿಗೆ ಬಿತ್ತು. ಅವರು ಗಿಡ್ಡ, ನಾನು ಎತ್ತರ, ಆದರೂ ಕುತ್ತಿಗೆಗೆ ಕೈಹಾಕಿ ದರದರನೆ ಎಳೆದುಕೊಂಡು ಹೋಗಿ ರಾಸಾಯನಿಕಗಳ ಕೋಣೆಗೆ ನೂಕಿದರು. ಹೊರಗಿನಿಂದ ಚಿಲಕ ಬಿತ್ತು. ಕಿಟಕಿಯಿಲ್ಲದ ಕೋಣೆ. ಫೀನಾಲು, ಫಾರ್ಮಲಿನ್ನಿನ ವಾಸನೆ. ನಾನು ಒಳಗಿಂದ ಬಾಗಿಲು ಒದ್ದೆ, ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ.

“ಬೈ ಮಗನ, ಬೈ. ನಾಳೆ ಹತ್ತಕ್ಕ ಬಾಗಿಲಾ ತೆಗೀತೇನಿ” ಎಂದರು ಹೊರಗಿಂದ.

ಅರ್ಧ ತಾಸಿನ ಮೇಲೆ ಅಣ್ಣನ ದನಿ ಕೇಳಿತು. ಜೊತೆಗೆ ಇನ್ನಿಬ್ಬರ ಕಾಲ್ಸಪ್ಪಳ.

“ಶರಣ್ರಿ ಸರ್. ನಮ್ಮ ತಮ್ಮ ಇಲ್ಲಿ ಬಂದಾನ. ಕಳಸ್ರಿ.”

“ಶರಣು. ನಾಳೆ ಹತ್ತಕ್ಕ ಅವಂದು ಪ್ರಾಕ್ಟಿಕಲ್ ಅದ. ಒಂದಕ್ಕ ಮುಗೀತದ. ಒಂದೂವರಿಗಿ ಒಯ್ರಿ.”

“ನಾಳೆ ಮುಂಜಾನೆ ಕೆಲಸ ಅದರಿ.”

“ನಿಮಗ ಅದ. ಅವಗಿಲ್ಲ. ನೀವ ಹೋಗ್ರಿ.”

“ಇಬ್ಬರೂ ಬೇಕ್ರಿ. ಅವ್ವನ ಮಾತು.”

“ಹಂಗಾರ ಅವ್ವಗ ಹೇಳ್ರಿ, ಒಬ್ಬ ಫೇಲ್ ಆದ ಅಂತ.”

ಜೊತೆಯಲ್ಲಿದ್ದವನೊಬ್ಬ ನಕ್ಕದ್ದು ಕೇಳಿಸಿತು. ಅಣ್ಣ ನಗಲಿಲ್ಲ. “ಸರ್, ನೀವು ಕಲಿಸಿದವ್ರು. ನಿಮ್ಮ ಮ್ಯಾಲ ಕೈ ಮಾಡೂದು ಬ್ಯಾಡ. ಬಾಜೂ ಸರೀರಿ.”

“ಸರಿಯಂಗಿಲ್ಲ.”

“ಸರೀರಿ.”

“ಏನ್ ಮಾಡ್ತೀ? ಆ ಟವೆಲ್‌ದಾಗ ಸುತ್ತಿದ್ದು ತೆಗಿ, ನೋಡೂಣು. ಕಬ್ಬು ಕಡದು ಕಡದು ಕೈ ಛಲೋ ತಿರುಗಿರಬೇಕಲ್ಲ ನಿಂದು?”

ಈ ಮಾತು ಅವರು ಆಡಬಾರದಿತ್ತು. ಅವರ ಬಾಯಿ ಯಾವಾಗಲೂ ಹಾಗೇ. ಮರಕ್ಕೆ ಕೊಯ್ತಾ ಬಡಿದ ಸದ್ದು ನನ್ನ ಮುಖದ ಎದುರಿಗೇ ಕೇಳಿತು. ಬಾಗಿಲು ಅದುರಿತು. ಸರ್ ಕೂಗಲಿಲ್ಲ, ಗಂಟಲಿನಿಂದ ಒಂದು ಹೂಂಕಾರ ಬಂತು ಅಷ್ಟೇ. ಚಿಲಕ ಜಗ್ಗಿದ ಸದ್ದು. ಮತ್ತೆ ಜಗ್ಗಿದ ಸದ್ದು. “ಬಿಡ್ರಿ! ಬಿಡ್ರಿ ಅಂದ್ರ!” ಎಂದು ಅಣ್ಣ ಕೂಗುತ್ತಿದ್ದ. ಆ ದನಿ ಅಳುವವನ ದನಿಯಂತಿತ್ತು. ಚಿಲಕ ಸರಿಯಲಿಲ್ಲ. ಬಾಗಿಲಿನ ಕೆಳಗಿನ ಸಂದಿನಿಂದ ರಕ್ತ ನನ್ನ ಕಾಲ ಕಡೆಗೆ ಹರಿದು ಬಂತು. ಅಷ್ಟರಲ್ಲಿ ಕಾಲೇಜಿನ ಮಂದಿ ಓಡಿ ಬಂದರು. ಅಣ್ಣನನ್ನು ಅಂಗಳದಲ್ಲೇ ಹಿಡಿದು ಕೆಡವಿ ಕಟ್ಟಿದರು.

ಬಾಗಿಲು ತೆರೆದಾಗ ಸರ್ ಹೊಸ್ತಿಲ ಮೇಲೆ ಕೂತಿದ್ದರು. ಬಲಗೈಯ ಮೂರು ಬೆರಳು ಇರಲಿಲ್ಲ. ಬೆರಳುಗಳು ಪಕ್ಕದಲ್ಲೇ ಬಿದ್ದಿದ್ದವು. ಒಂದರಲ್ಲಿ ಇನ್ನೂ ಸೀಮೆಸುಣ್ಣದ ಬಿಳುಪಿತ್ತು. “ಎಡಗೈ ಕಡೀಬೇಕಿತ್ತು ಭಾಡ್ಯಾ” ಎಂದರು, ಯಾರಿಗೋ ಬೈಯುವವರಂತೆ.

ಮರುದಿನ ನಾನು ಮುರಿದ ಮೂಗಿಗೆ ಪಟ್ಟಿ ಕಟ್ಟಿಕೊಂಡು ಪ್ರಾಕ್ಟಿಕಲ್ಲಿಗೆ ಕೂತೆ. ಅದೇ ಹೊತ್ತಿಗೆ ಕಾಕಾ ನಮ್ಮೂರ ದಾರಿ ಒಡೆಯುವ ಫಾಟಿಯಲ್ಲಿ ಇಳಿದು ಯಾರ ಅಡ್ಡಿಯೂ ಇಲ್ಲದೆ ಮನೆಗೆ ನಡೆದು ಹೋದ. ಹೊರಗಿನಿಂದ ಬಂದ ಪರೀಕ್ಷಕರು ಬಾಗಿಲಿನ ಮೇಲಿನ ಗೀರು ನೋಡಿ ಏನೆಂದು ಕೇಳಿದರು. ನಾನು ಕೈಗವಸು ಹಾಕಿಕೊಂಡೆ.

ನಾಲ್ಕನೆಯ ದಿನ ಅವ್ವ ಊರ ಹಿರಿಯರನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಳು. ಸರ್ ಕಾಲ ಹತ್ತಿರ ಸೆರಗೊಡ್ಡಿ ಕೂತಳು. ಪ್ರಿನ್ಸಿಪಾಲರೂ ಇದ್ದರು. ಎಲ್ಲರದೂ ಒಂದೇ ಮಾತು: ಹುಡುಗ ತಪ್ಪು ಮಾಡಿದ, ಕೇಸು ಬೇಡ, ಕೂತು ಫೈಸಲಾ ಮಾಡೋಣ.

“ಯಾರು ಕಡದ್ರು ಗೊತ್ತಾಗ್ಲಿಲ್ಲ ಅನ್ರಿ ಯಪ್ಪಾ. ಒಂದ ಮಾತು. ನಿಮ್ಮ ಹೊಟ್ಟಿ ತಣ್ಣಗಿರ್ಲಿ” ಎಂದು ಅವ್ವ ಅತ್ತಳು.

“ಅಂತೇನಿ ಯವ್ವಾ. ಅಂದ್ರ ನಾಳೆ ಹೊರಗ ಬರ್ತಾನ. ನಾಡಿದ್ದ ಅವನ್ನ ಕಡೀತಾನ. ಆಮ್ಯಾಲ ಅವನ ಮಕ್ಕಳು ನಿನ್ನ ಮಗನ್ನ ಕಡೀತಾರ. ಆಮ್ಯಾಲ ಈ ಸಣ್ಣಾವ. ನಿನಗ ಎಷ್ಟ್ ರುಮಾಲ ಬೇಕು?”

ಅವ್ವ ನನ್ನ ಕಡೆ ತಿರುಗಿ ನೋಡಿದಳು. ಮನೆಯ ಮಾತು ಹೊರಗೆ ಹೇಳಿದವನು ಯಾರೆಂದು ಅವಳಿಗೆ ತಿಳಿಯಿತು.

“ಒಳಗಿರ್ಲಿ. ಒಳಗಿದ್ರ ಜೀಂವಂತ ಇರ್ತಾನ” ಎಂದು ಸರ್ ಗೋಡೆಯ ಕಡೆ ಹೊರಳಿದರು. ಅಕ್ಕಾರು ಎಲ್ಲರನ್ನೂ ಹೊರಗೆ ಕಳಿಸಿದರು. ನನ್ನನ್ನು ಮಾತ್ರ ಕೈಹಿಡಿದು ನಿಲ್ಲಿಸಿದರು.

“ಸಾಕ್ಷಿ ನೀ” ಎಂದರು ಸರ್, ಗೋಡೆಯ ಕಡೆಗೇ ಮುಖ ಮಾಡಿ.

“ನಾ ನೋಡಿಲ್ರಿ. ಒಳಗಿದ್ದೆ.”

“ಕೇಳಿದ್ದು ಹೇಳು.”

ಆ ಇಡೀ ಬೇಸಿಗೆ ನಾನು ನಿದ್ದೆ ಮಾಡಲಿಲ್ಲ. ಜೊತೆಗೆ ಬಂದಿದ್ದ ಇಬ್ಬರು ಪರಾರಿಯಾಗಿದ್ದರು. ಸರ್ ಅವರನ್ನು ಬಿಟ್ಟರೆ ಕೊಯ್ತಾ ಬೀಸಿದ್ದನ್ನು ಕಣ್ಣಾರೆ ಕಂಡವರು ಬೇರೆ ಯಾರೂ ಇಲ್ಲ. ನಾನು ಬಾಯಿ ಬಿಡದಿದ್ದರೆ ಕೇಸು ಸಡಿಲಾಗುತ್ತಿತ್ತು. ಬಿಟ್ಟರೆ ನನ್ನನ್ನು ಓದಿಸಿದ ಅಣ್ಣ ಜೈಲಿಗೆ. ಕಟಕಟೆಯಲ್ಲಿ ನಿಂತಾಗ ಅವನ ವಕೀಲರು ಕೇಳಿದರು, “ಕಂಡೀಯೇನಪ್ಪಾ ನೀ?”

“ಕಂಡಿಲ್ರಿ. ಅವನ ದನಿ ಕೇಳೇನಿ.”

“ದನಿ ಅಂದ್ರ ಎಷ್ಟೋ ಮಂದಿದ್ದು ಒಂದ ಥರ ಇರ್ತಾವ.”

“ನಮ್ಮಣ್ಣಂದು ಒಂದ ರಿ. ಸಣ್ಣಾಂವಿದ್ದಾಗಿಂದ ಕೇಳೇನಿ.”

ಅಣ್ಣ ನನ್ನನ್ನೇ ನೋಡುತ್ತಿದ್ದ. ಐದು ವರ್ಷ ಶಿಕ್ಷೆಯಾಯಿತು. ಅವ್ವ ಅದಕ್ಕೂ ಮೊದಲೇ, ನಾನು ಪೊಲೀಸರಿಗೆ ಹೇಳಿಕೆ ಕೊಟ್ಟಾಗಲೇ, ನನಗೆ ಬಾಗಿಲು ಹಾಕಿದ್ದಳು. ಫಲಿತಾಂಶ ಬಂದ ದಿನ ಮಾರ್ಕ್ಸ್‌ಕಾರ್ಡು ಹಿಡಿದು ಹೋದವನನ್ನು ಹೊಸ್ತಿಲಿನಿಂದಲೇ ಕಳಿಸಿದಳು. ಮನೆತನದ ಮೊದಲ ಪದವೀಧರ ಅವತ್ತು ಫಾಟಿಯ ಬೇವಿನ ಮರದ ಕೆಳಗೆ ಕೂತು ಚುರುಮುರಿ ತಿಂದು ವಾಪಸು ಬಂದ.

ಸರ್ ಅದರಿಂದ ಮೆತ್ತಗಾಗಲಿಲ್ಲ. ಎಡಗೈಯಲ್ಲಿ ಬರೆಯಲು ಕಲಿತರು. ಬಲಗೈಗೆ ಕೈಗವಸು ಹಾಕಿಕೊಂಡರೆ ಮೂರು ಬೆರಳು ಖಾಲಿ ಜೋತಾಡುತ್ತಿದ್ದವು. ಅವನ್ನು ಗಂಟು ಹಾಕಿ ಕೆಲಸ ಮಾಡುತ್ತಿದ್ದರು. ಕಪಾಟಿಗೆ ಬರಿಗೈ ಹಾಕಿದವರಿಗೆ ಈಗ ಎಡಗೈಯಿಂದ ಏಟು ಬೀಳುತ್ತಿತ್ತು. ನನಗೆ ಅಫಜಲಪುರದಲ್ಲಿ ಉಪನ್ಯಾಸಕನ ನೌಕರಿ ಸಿಕ್ಕಾಗ ಪೇಡೆ ಒಯ್ದೆ. ಪೇಡೆ ಬಾಯಿಗೆ ಹಾಕಿಕೊಂಡು, “ಪೋಸ್ಟ್‌ಮನ್ ಅಂತ ಕಲಿಸಿದ್ದು ಕಿವಿಗಿ ಬಿತ್ತಂದ್ರ ಅಲ್ಲಿಗೇ ಬಂದು ಒದೀತೇನಿ” ಎಂದರು. ಅಷ್ಟೇ ಆಶೀರ್ವಾದ. ನಾನು ಒಮ್ಮೆ, ಅಣ್ಣನ ವಿಷಯದಲ್ಲಿ ನಾವು ಮಾಡಿದ್ದು ಸರಿಯೇ ಎಂದು ಕೇಳಿದೆ. “ಸರೀನೋ ತಪ್ಪೋ ನನಗ ತಿಳಿಯಂಗಿಲ್ಲ. ಜೀಂವಂತ ಅದಾನೋ ಇಲ್ಲೋ, ಅದನ್ನ ಹೇಳು” ಎಂದರು.

ಜೀವಂತ ಇದ್ದ. ಅವನು ಒಳಗಿದ್ದಾಗಲೇ ಕಾಕಾ ಹಾಸಿಗೆ ಹಿಡಿದು ಸತ್ತ. ಅಣ್ಣ ಹೊರಗೆ ಬಂದಾಗ ಕಡಿಯಲು ಯಾರೂ ಉಳಿದಿರಲಿಲ್ಲ. ಅವ್ವ ನಿಧಾನಕ್ಕೆ ನನ್ನನ್ನು ಒಳಗೆ ಬಿಟ್ಟುಕೊಂಡಳು. ರುಮಾಲು ಮತ್ತೆ ಹೊರಗೆ ಬರಲಿಲ್ಲ. ಎಲ್ಲಿದೆ ಎಂದು ನಾನು ಕೇಳಿಲ್ಲ. ಅಣ್ಣ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆವು, ಮಾತಿಲ್ಲ. ಹೀಗೆ ಆರು ವರ್ಷ.

ಅವ್ವನಿಗೆ ಮೈಯಲ್ಲಿ ಸರಿಯಿಲ್ಲವೆಂದು ಊರಿಗೆ ಹೋಗಿದ್ದಾಗ ಅಂಗಡಿಯ ಫೋನಿಗೆ ಸುದ್ದಿ ಬಂತು. ಮನೆಗೆ ಬಂದು, “ಸರ್ ಹ್ವಾದ್ರು” ಎಂದು ಅವ್ವನಿಗೆ ಹೇಳಿದೆ. ಅಣ್ಣ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕೈ ನಿಂತಿತು.

“ಮಣ್ಣ ಎಷ್ಟೊತ್ತಿಗಿ?” ಎಂದ. ಆರು ವರ್ಷದ ಮೇಲೆ ಮೊದಲ ಮಾತು.

“ನಾಲ್ಕಕ್ಕ. ಅವರ ಊರಾಗ, ಜೇವರ್ಗಿ ಕಡೆ.”

ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಬಸ್ಸಿನಲ್ಲಿ ನನ್ನ ಪಕ್ಕವೇ ಕೂತ. ಜೇವರ್ಗಿ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, “ಮೂರು ಬೆರಳು ತಳಗ ಬಿದ್ದಿದ್ವು. ಉಳದ ಎರಡರಲೇ ಚಿಲಕಾ ಹಿಡದಿದ್ದ. ನಾ ಎರಡೂ ಕೈಲೆ ಜಗ್ಗಿದೆ. ಬರಲಿಲ್ಲ.”

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಸರ್ ಅವರನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಪತ್ರಿ ಹಾಕಿ ಮುಗಿದಿತ್ತು. ಮಂದಿ ಒಬ್ಬೊಬ್ಬರಾಗಿ ಮಣ್ಣು ಹಾಕುತ್ತಿದ್ದರು. ಮುದುಕರೊಬ್ಬರು ಅಣ್ಣನನ್ನು ಕೇಳಿದರು, “ಯಾವೂರ್ರಿ ನಿಮ್ಮದು? ಸರ್‌ಗ ಏನಾಗಬೇಕು?”

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ, “ನಾ ಅವರ ಬೆರಳು ಕಡದಾಂವ್ರಿ.”

ಸರ್ ಅವರ ಅಣ್ಣನ ಮಗನೊಬ್ಬ ಸಲಿಕೆ ಎಸೆದು ಬಂದು ನಮ್ಮಣ್ಣನ ಕೊರಳಪಟ್ಟಿ ಹಿಡಿದ. ಮಂದಿ ಸುತ್ತುವರಿದರು. ಅಣ್ಣ ಕೈ ಎತ್ತಲಿಲ್ಲ. ಅಷ್ಟರಲ್ಲಿ ಅಕ್ಕಾರು ಗುಂಪನ್ನು ಸೀಳಿಕೊಂಡು ಬಂದರು. ಹುಡುಗನ ಕೈ ಬಿಡಿಸಿದರು. ಅಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಕಪಾಳಕ್ಕೆ ಬಾರಿಸಿದರು. ಮತ್ತೊಂದು. ಅಣ್ಣನ ತುಟಿ ಒಡೆದು ರಕ್ತ ಬಂತು. ಅವನು ಒರೆಸಿಕೊಳ್ಳಲಿಲ್ಲ.

ಅಕ್ಕಾರು ಏದುಸಿರು ಬಿಡುತ್ತ ಕುಣಿಯ ಕಡೆ ಬೆರಳು ಮಾಡಿದರು.

“ಹೋಗು. ಮಣ್ಣ ಹಾಕು. ಎರಡೂ ಕೈಲೆ ಹಾಕು. ನಿನಗ ಅದಾವಲ್ಲ.”

ಅಣ್ಣ ಬಗ್ಗಿದ.